ಚಿಕಾಗೋದ ಮೆಕ್ಸಿಕನ್ ಕಲಾ ಮ್ಯೂಸಿಯಂ ಮತ್ತು ಸತ್ತವರ ಹಬ್ಬದ ಪ್ರದರ್ಶನ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕಾಗೋದ ಪಿಲ್ಸೆನ್ ಬಡಾವಣೆಯಲ್ಲಿರುವ ನ್ಯಾಷನಲ್ ಮ್ಯೂಸಿಯಂ ಆಫ್ ಮೆಕ್ಸಿಕನ್ ಆರ್ಟ್‌ಗೆ ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಊರಿಂದ ಬಂದ ನೆಂಟರು, ಹೊಸದಾಗಿ ಇಲ್ಲಿಗೆ ಬಂದ ಗೆಳೆಯರು, ಅವರ ಮಕ್ಕಳು ಎಲ್ಲರನ್ನೂ ಕರೆದುಕೊಂಡು ಹೋಗಿದ್ದೇನೆ. ಕಾರಿನಲ್ಲಿ, ಊಟದ ಮೇಜಿನಲ್ಲಿ, ಫೋನಿನಲ್ಲಿ ಅವರು ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಅವನ್ನೆಲ್ಲ ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

## ಹೋಗುವ ಮೊದಲು

ಇದು ಎಲ್ಲಿದೆ? ಟಿಕೆಟ್ ಎಷ್ಟು?

ಟಿಕೆಟ್ ಇಲ್ಲ. 1987ರಲ್ಲಿ ಬಾಗಿಲು ತೆರೆದ ದಿನದಿಂದ ಇವತ್ತಿನವರೆಗೂ ಪ್ರವೇಶ ಉಚಿತ. ಪಿಲ್ಸೆನ್‌ನ 19ನೇ ಸ್ಟ್ರೀಟ್‌ನಲ್ಲಿ, ಹ್ಯಾರಿಸನ್ ಪಾರ್ಕಿನ ಒಳಗೇ ಕಟ್ಟಡ ಇದೆ. ಮೊದಲು ಅದು ಪಾರ್ಕಿನವರು ದೋಣಿ ಮಾಡುವುದನ್ನು ಕಲಿಸುತ್ತಿದ್ದ ವರ್ಕ್‌ಶಾಪ್ ಆಗಿತ್ತು. ರೈಲಿನಲ್ಲಿ ಬರುವವರು ಪಿಂಕ್ ಲೈನ್ ಹಿಡಿದು 18ನೇ ಸ್ಟ್ರೀಟ್ ಸ್ಟೇಷನ್‌ನಲ್ಲಿ ಇಳಿಯಿರಿ. ಆ ಸ್ಟೇಷನ್ನಿನ ಗೋಡೆ, ಮೆಟ್ಟಿಲುಗಳ ಮೇಲೂ ಚಿತ್ರಗಳಿವೆ, ಹಾಗಾಗಿ ಓಡಬೇಡಿ. ಅಲ್ಲಿಂದ ನಡೆದೇ ಹೋಗಬಹುದು. ಸೋಮವಾರ ರಜೆ.

ಹಿಸ್ಪಾನಿಕ್, ಲ್ಯಾಟಿನೋ, ಮೆಕ್ಸಿಕನ್ ಎಲ್ಲ ಒಂದೇನಾ?

ಅಲ್ಲ. ಹಿಸ್ಪಾನಿಕ್ ಅನ್ನುವುದು ಭಾಷೆಯ ಮೇಲಿನ ಹೆಸರು. ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು ಅಂತ ಅರ್ಥ. ಸ್ಪೇನ್ ಕೂಡ ಅದರಲ್ಲಿ ಬರುತ್ತದೆ. ಲ್ಯಾಟಿನೋ ಅನ್ನುವುದು ಜಾಗದ ಮೇಲಿನ ಹೆಸರು, ಲ್ಯಾಟಿನ್ ಅಮೆರಿಕದ ಮೂಲದವರು. ಬ್ರೆಜಿಲ್‌ನವರು ಪೋರ್ಚುಗೀಸ್ ಮಾತಾಡುತ್ತಾರೆ, ಆದ್ದರಿಂದ ಅವರು ಲ್ಯಾಟಿನೋ, ಹಿಸ್ಪಾನಿಕ್ ಅಲ್ಲ. ಮೆಕ್ಸಿಕನ್ ಅಂದರೆ ಒಂದು ದೇಶದವರು ಮಾತ್ರ.

2020ರ ಜನಗಣತಿಯಲ್ಲಿ ಅಮೆರಿಕದ 6 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ತಾವು ಹಿಸ್ಪಾನಿಕ್ ಅಥವಾ ಲ್ಯಾಟಿನೋ ಅಂತ ಬರೆಸಿದ್ದಾರೆ. ಚಿಕಾಗೋ ನಗರದಲ್ಲಿ ಹತ್ತರಲ್ಲಿ ಮೂವರು. ಆದರೆ ಆ ಹೆಸರು ಜನಗಣತಿಯ ಫಾರಂನಲ್ಲಿ ಇರುವಷ್ಟು ಬೀದಿಯಲ್ಲಿ ಕೇಳುವುದಿಲ್ಲ. ಪಿಲ್ಸೆನ್‌ನಲ್ಲಿ ಯಾರನ್ನಾದರೂ ಕೇಳಿ ನೋಡಿ, ‘ನಮ್ಮದು ಮಿಚೋಆಕಾನ್’, ‘ನಮ್ಮದು ದುರಾಂಗೊ’ ಅಂತ ರಾಜ್ಯದ ಹೆಸರು ಹೇಳುತ್ತಾರೆ. ನಮ್ಮನ್ನು ಯಾರಾದರೂ ‘ಸೌತ್ ಏಷ್ಯನ್’ ಅಂದಾಗ ನಾವು ‘ಹಾಸನದ ಕಡೆ’ ಅನ್ನಲ್ವಾ, ಹಾಗೆ.

ಹಿಸ್ಪಾನಿಕ್ ಹೆರಿಟೇಜ್ ಮಂತ್ ಯಾಕೆ ತಿಂಗಳ ಮಧ್ಯದಿಂದ ಶುರುವಾಗುತ್ತೆ?

ಹಿಸ್ಪಾನಿಕ್ ಮೂಲದವರ ಪರಂಪರೆಯನ್ನು ಅಮೆರಿಕ ನೆನೆಯುವ ಈ ತಿಂಗಳು ಶುರುವಾಗುವುದು ಸೆಪ್ಟೆಂಬರ್ 15ಕ್ಕೆ. ಅದು ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟರಿಕಾ ಐದೂ ದೇಶಗಳ ಸ್ವಾತಂತ್ರ್ಯ ದಿನ. ಮರುದಿನ ಮೆಕ್ಸಿಕೋದ್ದು, 18ಕ್ಕೆ ಚಿಲಿಯದ್ದು. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ ಅದು ಒಂದು ವಾರದ ಆಚರಣೆಯಾಗಿತ್ತು. 1988ರಲ್ಲಿ ರೇಗನ್ ಸಹಿಯಿಂದ ಅಕ್ಟೋಬರ್ 15ರವರೆಗಿನ ಒಂದು ತಿಂಗಳಾಯಿತು.

ಯಾವ ಸಮಯದಲ್ಲಿ ಹೋದ್ರೆ ಒಳ್ಳೇದು?

ಒಂದೇ ಸಲ ಹೋಗುವುದಾದರೆ ಅಕ್ಟೋಬರ್. ಮೆಕ್ಸಿಕನ್ನರು ತೀರಿಕೊಂಡ ತಮ್ಮವರನ್ನು ನೆನೆಯುವ ಸತ್ತವರ ಹಬ್ಬದ ಪ್ರದರ್ಶನ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಡಿಸೆಂಬರ್ ಮೊದಲ ದಿನಗಳವರೆಗೆ ಇರುತ್ತದೆ. 1987ರಿಂದ ಪ್ರತಿ ವರ್ಷ ನಡೆಯುತ್ತಿದೆ. ಹಬ್ಬದ ದಿನಗಳಾದ ನವೆಂಬರ್ 1 ಮತ್ತು 2ರ ಆಸುಪಾಸಿನ ಶನಿವಾರ, ಭಾನುವಾರ ಜನಜಂಗುಳಿ. ಆಗ ಹೋದರೆ ಗದ್ದಲದ ಖುಷಿ ಸಿಗುತ್ತದೆ, ನಿಂತು ನೋಡುವ ಸಮಾಧಾನ ಸಿಗುವುದಿಲ್ಲ. ವಾರದ ಮಧ್ಯೆ, ಮಧ್ಯಾಹ್ನದ ಹೊತ್ತು ಹೋಗಿ. ಎರಡು ಗಂಟೆಯಾದರೂ ಇಟ್ಟುಕೊಳ್ಳಿ.

ಚಿಕ್ಕ ಮಕ್ಕಳು ತಲೆಬುರುಡೆ ನೋಡಿ ಹೆದರಲ್ವಾ?

ನಾನು ಕರೆದುಕೊಂಡು ಹೋದ ಮಕ್ಕಳಲ್ಲಿ ಯಾರೂ ಹೆದರಿಲ್ಲ. ಹೆದರಿದ್ದು ಅಪ್ಪ ಅಮ್ಮಂದಿರೇ! ಇಲ್ಲಿಯ ತಲೆಬುರುಡೆಗಳು ನಗುತ್ತವೆ. ಹಣೆ ಮೇಲೆ ಹೂವು, ಕಣ್ಣಿನ ಸುತ್ತ ಬಣ್ಣದ ಸಕ್ಕರೆಯ ಗೆರೆ. ಕೆಲವು ಪೂರ್ತಿ ಸಕ್ಕರೆಯಲ್ಲೇ ಅಚ್ಚು ಹಾಕಿ ಮಾಡಿದವು, ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ. ತೊಲೂಕಾ ಊರಿನಲ್ಲಿ ಈ ಸಕ್ಕರೆ ಕೆಲಸಕ್ಕೇ ದೊಡ್ಡ ಸಂತೆ ಸೇರುತ್ತದೆ. ಮಗುವಿಗೆ ಮೊದಲೇ ಒಂದು ಮಾತು ಹೇಳಿಡಿ: ಇದು ದೆವ್ವದ ಹಬ್ಬ ಅಲ್ಲ, ಮನೆಯ ಹಿರಿಯರು ವರ್ಷಕ್ಕೊಂದು ಸಲ ಊಟಕ್ಕೆ ಬರುವ ಹಬ್ಬ. ಹ್ಯಾಲೋವೀನ್ ಹತ್ತಿರದ ದಿನಗಳಲ್ಲೇ ಬರುವುದರಿಂದ ಎರಡನ್ನೂ ಕಲಸಿಕೊಳ್ಳುವುದು ಸಹಜ.

ನಾವು ಸಸ್ಯಾಹಾರಿಗಳು. ಅಲ್ಲಿ ತಿನ್ನೋಕೆ ಏನಾದ್ರೂ ಸಿಗುತ್ತಾ?

ಸಿಗುತ್ತದೆ, ಕೇಳಿ ತಿನ್ನಬೇಕು. ಬೇಯಿಸಿ ಅರೆದ ಬೀನ್ಸ್ ಕಾಳಿಗೂ, ತಮಾಲೆಯ ಹಿಟ್ಟಿಗೂ ಹಂದಿಯ ಕೊಬ್ಬು ಸೇರಿಸುವುದು ಮಾಮೂಲಿ. ಅದಕ್ಕೆ ಅವರು ‘ಮಾಂತೇಕಾ’ ಅನ್ನುತ್ತಾರೆ. ‘ಮಾಂಸ ಇದೆಯಾ’ ಅಂತ ಕೇಳಿದರೆ ಇಲ್ಲ ಅನ್ನಬಹುದು, ಯಾಕೆಂದರೆ ಅವರ ಲೆಕ್ಕದಲ್ಲಿ ಕೊಬ್ಬು ಮಾಂಸವಲ್ಲ. ‘ಮಾಂತೇಕಾ ಇದೆಯಾ’ ಅಂತಲೇ ಕೇಳಿ. ತಮಾಲೆ ಅಂದರೆ ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಕಡುಬು. ಬಿಚ್ಚಿದಾಗ ಬರುವ ಘಮ ನನಗೆ ಅರಿಶಿನ ಎಲೆಯ ಕಡುಬನ್ನು ನೆನಪಿಸುತ್ತದೆ. ಚಳಿ ಇದ್ದರೆ ‘ಅತೋಲೆ’ ಕುಡಿಯಿರಿ. ಮೆಕ್ಕೆಜೋಳದ ಬಿಸಿ ಗಂಜಿ, ದಾಲ್ಚಿನ್ನಿ ಹಾಕಿರುತ್ತಾರೆ. ರಾಗಿ ಅಂಬಲಿ ಕುಡಿದು ಬೆಳೆದವರಿಗೆ ಅದು ಹೊಸದು ಅನಿಸುವುದಿಲ್ಲ.

## ಒಳಗೆ ಹೋದ ಮೇಲೆ

ಒಫ್ರೆಂದಾ ಅಂದ್ರೆ ಏನು? ಅದರ ಮೇಲೆ ಏನೇನು ಇಡ್ತಾರೆ?

ಒಫ್ರೆಂದಾ ಅಂದರೆ ಅರ್ಪಣೆ. ನೋಡಲು ನಮ್ಮ ದಸರಾ ಗೊಂಬೆ ಕೂರಿಸುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಎರಡು ಮೆಟ್ಟಿಲು ಇರಬಹುದು, ಮೂರು ಇರಬಹುದು, ಏಳೂ ಇರಬಹುದು. ಮೇಲೆ ತೀರಿಕೊಂಡವರ ಫೋಟೋ. ಸುತ್ತ ಚೆಂಡು ಹೂವು. ನೆಲದ ಮೇಲೆ ಅದೇ ಹೂವಿನ ಎಸಳು ಚೆಲ್ಲಿ ದಾರಿ ಮಾಡಿರುತ್ತಾರೆ, ಬರುವವರಿಗೆ ದಾರಿ ತಪ್ಪಬಾರದು ಅಂತ. ಒಂದು ಲೋಟ ನೀರು, ದೂರದಿಂದ ಬಂದವರಿಗೆ ಬಾಯಾರಿಕೆ ಆಗಿರುತ್ತದಲ್ಲ. ಉಪ್ಪು. ಮೇಣದ ಬತ್ತಿ. ಕೋಪಾಲ್ ಅನ್ನುವ ಮರದ ಅಂಟಿನ ಧೂಪ. ಮೂಳೆಯ ಆಕಾರವನ್ನು ಮೇಲೆ ಹಾಕಿ ಸುಟ್ಟ ಸಿಹಿ ಬ್ರೆಡ್. ಇಷ್ಟು ಎಲ್ಲ ಕಡೆಯೂ ಇರುತ್ತದೆ.

ಉಳಿದದ್ದು ಆ ಮನುಷ್ಯನಿಗೆ ಸೇರಿದ್ದು. ಅವರು ಆಡುತ್ತಿದ್ದ ಇಸ್ಪೀಟು, ಕುಡಿಯುತ್ತಿದ್ದ ಬಿಯರ್, ಹೊಲಿಗೆಯ ಪೆಟ್ಟಿಗೆ, ಕನ್ನಡಕ. ನಾನು ಎಲ್ಲರಿಗೂ ಹೇಳುವುದು ಇದೊಂದೇ: ಹೂವು, ಬಣ್ಣ ನೋಡಿ ಫೋಟೋ ತೆಗೆದು ಮುಂದೆ ಹೋಗಬೇಡಿ. ಕೆಳಗಿನ ಮೆಟ್ಟಿಲಿನ ಸಣ್ಣ ಪುಟ್ಟ ವಸ್ತುಗಳನ್ನು ನೋಡಿ. ಹೆಸರು ಓದಿ. ಒಂದು ಹೆಸರನ್ನು ಓದುವ ಹೊತ್ತಿಗೆ ಅದು ‘ಮೆಕ್ಸಿಕನ್ ಸಂಸ್ಕೃತಿ’ ಅನ್ನುವುದು ಹೋಗಿ ಒಬ್ಬರ ಅತ್ತೆಯೋ, ಅಣ್ಣನೋ ಆಗಿಬಿಡುತ್ತಾರೆ.

ತಲೆಯ ಮೇಲೆ ತೂಗುವ ಬಣ್ಣದ ಕಾಗದದ ತೋರಣಕ್ಕೆ ಪಾಪೆಲ್ ಪಿಕಾದೊ ಅನ್ನುತ್ತಾರೆ. ಪುಯೆಬ್ಲಾ ರಾಜ್ಯದ ಸಾನ್ ಸಾಲ್ವಡಾರ್ ವಿಷ್ಕೊಲೊತ್ಲಾ ಊರು ಇದಕ್ಕೆ ಹೆಸರುವಾಸಿ. ತೆಳು ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಉಳಿ ಸುತ್ತಿಗೆಯಿಂದ ಕೆತ್ತುತ್ತಾರೆ. ಹೌದು, ಕಾಗದವನ್ನು ಉಳಿಯಿಂದಲೇ.

ಇದು ನಮ್ಮ ಪಿತೃಪಕ್ಷ ಅಲ್ವಾ?

ಜಾಸ್ತಿ ಬರುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ.

ನಮ್ಮ ಊರು ಮಂಡ್ಯದ ಕಡೆ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಸೀರೆ, ಪಂಚೆ ಇಟ್ಟು, ಬಾಳೆ ಎಲೆ ತುಂಬ ಬಡಿಸುತ್ತಾರೆ. ತಾತ ಬೀಡಿ ಸೇದುತ್ತಿದ್ದರೆ ಬೀಡಿ ಕಟ್ಟು, ಅಜ್ಜಿ ಎಲೆ ಅಡಿಕೆ ಹಾಕುತ್ತಿದ್ದರೆ ಎಲೆ ಅಡಿಕೆ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಹಿರಿಯರು ಉಣ್ಣಲಿ ಅಂತ. ಆಮೇಲೆ ಆ ಎಡೆಯನ್ನೇ ಮನೆಯವರು ಹಂಚಿಕೊಂಡು ತಿನ್ನುತ್ತೇವೆ.

ನನ್ನ ಅಜ್ಜಿ ತೀರಿಕೊಂಡ ವರ್ಷ ನಾನು ಊರಿಗೆ ಹೋಗಲಾಗಲಿಲ್ಲ. ಆ ಅಕ್ಟೋಬರಿನಲ್ಲಿ ಈ ಮ್ಯೂಸಿಯಂಗೆ ಹೋದಾಗ ಒಂದು ಒಫ್ರೆಂದಾದ ಮೇಲೆ ಸಿಗರೇಟು ಪ್ಯಾಕೆಟ್ಟು, ಪಕ್ಕದಲ್ಲಿ ಒಂದು ಕಪ್ ಕಾಫಿ ಇತ್ತು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಆದ್ದರಿಂದ ‘ಇದು ನಮ್ಮದೇ’ ಅನಿಸುವುದು ನನಗೆ ಚೆನ್ನಾಗಿ ಗೊತ್ತು.

ಆದರೂ ಎರಡೂ ಒಂದೇ ಅಲ್ಲ. ತರ್ಪಣ, ಪಿಂಡ ಇಡುವ ಮನೆಗಳಲ್ಲಿ ಅದು ಮಗ ತೀರಿಸಬೇಕಾದ ಋಣ. ಮಂತ್ರ ಇದೆ, ಎಳ್ಳು ನೀರಿದೆ, ಕಾಗೆ ಮುಟ್ಟಬೇಕು. ಮೆಕ್ಸಿಕೋದಲ್ಲಿ ಹೆಣ್ಣುಮಕ್ಕಳು, ಮೊಮ್ಮಕ್ಕಳು ಎಲ್ಲ ಸೇರಿ ಮಾಡುತ್ತಾರೆ, ಎಷ್ಟೋ ಊರಲ್ಲಿ ರಾತ್ರಿಯಿಡೀ ಸಮಾಧಿಯ ಬಳಿ ಕೂತಿರುತ್ತಾರೆ, ಹಾಡಿರುತ್ತದೆ. ನವೆಂಬರ್ 1 ತೀರಿಕೊಂಡ ಮಕ್ಕಳಿಗೆ, 2 ದೊಡ್ಡವರಿಗೆ. ಈ ದಿನಗಳು ಕ್ಯಾಥೊಲಿಕ್ ಚರ್ಚಿನ ಸಂತರ ದಿನ, ಆತ್ಮಗಳ ದಿನ. ಸ್ಪೇನಿನವರು ತಂದ ಆ ದಿನಗಳೂ, ಅದಕ್ಕೂ ಮೊದಲು ಅಲ್ಲಿದ್ದ ಜನರ ನಂಬಿಕೆಗಳೂ ಸೇರಿ ಇವತ್ತಿನ ಹಬ್ಬ ಆಗಿದೆ. 2008ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. ಮೆಕ್ಸಿಕೋ ಸಿಟಿಯ ಆ ಭಾರಿ ಮೆರವಣಿಗೆ ಮಾತ್ರ ತೀರಾ ಹೊಸದು, ಶುರುವಾಗಿದ್ದೇ 2016ರಲ್ಲಿ. ಒಂದು ಹಾಲಿವುಡ್ ಸಿನಿಮಾದಲ್ಲಿ ಅಂಥ ದೃಶ್ಯ ಬಂದ ಮೇಲೆ.

ನಮ್ಮ ಎಡೆಯ ನೆನಪಿನಿಂದ ಒಳಗೆ ಹೋಗಿ. ಆ ನೆನಪು ಬಾಗಿಲು ತೆಗೆಯುತ್ತದೆ. ಆಮೇಲೆ ಅವರು ಏನು ಹೇಳುತ್ತಿದ್ದಾರೆ ಅಂತ ಕೇಳಿ.

ಚೆಂಡು ಹೂವು ನಮ್ಮಿಂದ ಅಲ್ಲಿಗೆ ಹೋಯ್ತಾ?

ಇಲ್ಲ, ಅಲ್ಲಿಂದ ನಮ್ಮಲ್ಲಿಗೆ ಬಂತು. ಆಯುಧಪೂಜೆಗೆ ನಾವು ಬಸ್ಸು, ಲಾರಿ, ಲೇತ್ ಮಷಿನ್‌ಗೆಲ್ಲ ಹಾಕುವ ಚೆಂಡು ಹೂವಿನ ತವರು ಮೆಕ್ಸಿಕೋ. ಪೋರ್ಚುಗೀಸರ ಕಾಲದಲ್ಲಿ ಸಮುದ್ರ ದಾಟಿ ಬಂತು. ಅಲ್ಲಿ ಅದರ ಹೆಸರು ಸೆಂಪಸೂಚಿಲ್. ಮೆಕ್ಸಿಕೋದ ಮೂಲ ಜನರಾದ ಅಸ್ತೆಕರ ನಾವಾತ್ಲ್ ಭಾಷೆಯಲ್ಲಿ ಮೂಲ ಅರ್ಥ ‘ಇಪ್ಪತ್ತರ ಹೂವು’, ಅಂದರೆ ತುಂಬ ಎಸಳಿನದು.

ಹೂವಷ್ಟೇ ಅಲ್ಲ. ಮೆಣಸಿನಕಾಯಿ, ಟೊಮ್ಯಾಟೊ, ಸೀಬೆ, ಪರಂಗಿ, ಮುಸುಕಿನ ಜೋಳ ಎಲ್ಲ ಅಮೆರಿಕ ಖಂಡದಿಂದ ಬಂದವು. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಿಕರೂ ಅಲ್ಲಿಯವರೇ. ನನಗೆ ಇಷ್ಟದ ಉದಾಹರಣೆ ಸಪೋಟ. ‘ಸಪೋಟ’ ಅನ್ನುವ ಹೆಸರೂ ನಾವಾತ್ಲ್‌ನ ‘ತ್ಸಪೋತ್ಲ್’ನಿಂದ ಬಂದಿದ್ದು, ‘ಚಿಕ್ಕು’ ಅನ್ನುವ ಹೆಸರೂ ಅದೇ ಭಾಷೆಯದು. ತಳ್ಳುಗಾಡಿಯಲ್ಲಿ ಹಣ್ಣು ಮಾರುವವರು ದಿನಾ ಕೂಗುವ ಮಾತು ಅಸ್ತೆಕರ ಭಾಷೆಯದ್ದು.

ಟೋಪಿ ಹಾಕಿಕೊಂಡ ಅಸ್ಥಿಪಂಜರದ ಹೆಂಗಸು ಯಾರು? ದೇವತೆನಾ?

ದೇವತೆ ಅಲ್ಲ. ಹೆಸರು ಕತ್ರೀನಾ. ಹೊಸೆ ಗ್ವಾದಲೂಪೆ ಪೊಸಾದ ಅನ್ನುವ ಅಚ್ಚಿನ ಕಲಾವಿದ 1910ರ ಆಸುಪಾಸಿನಲ್ಲಿ ಕೆತ್ತಿದ ಚಿತ್ರ. ಅವನು ಅಗ್ಗದ ಕಾಗದದ ಮೇಲೆ ಅಚ್ಚಾಗಿ ಬೀದಿಯಲ್ಲಿ ಮಾರಾಟವಾಗುವ ಪತ್ರಿಕೆಗಳಿಗೆ ಚಿತ್ರ ಮಾಡುತ್ತಿದ್ದ. ತಮ್ಮ ಮೂಲ ಮರೆಮಾಚಿ ಯೂರೋಪಿನವರ ಹಾಗೆ ನಟಿಸುತ್ತಿದ್ದವರಿಗೆ ಆ ಚಿತ್ರ ಒಂದು ಪೆಟ್ಟು. ದೊಡ್ಡ ಟೋಪಿ ಹಾಕಿದರೂ ಒಳಗಿರುವುದು ಮೂಳೆಯೇ ಅಂತ. ಪೊಸಾದ 1913ರಲ್ಲಿ ಬಡತನದಲ್ಲೇ ಸತ್ತ. ಅವನ ಚಿತ್ರದಲ್ಲಿ ಇದ್ದದ್ದು ತಲೆ, ಟೋಪಿ ಮಾತ್ರ. ಮೈ, ಉದ್ದನೆಯ ಉಡುಪು ಕೊಟ್ಟವನು ದಿಯೆಗೊ ರಿವೇರಾ, 1947ರ ತನ್ನ ಗೋಡೆ ಚಿತ್ರದಲ್ಲಿ. ಅದರಲ್ಲಿ ಕತ್ರೀನಾಳ ಒಂದು ಪಕ್ಕದಲ್ಲಿ ಪೊಸಾದನೇ ನಿಂತಿದ್ದಾನೆ.

ಹಬ್ಬದ ಪ್ರದರ್ಶನ ಬಿಟ್ಟು ಬೇರೆ ಏನು ನೋಡ್ಬೇಕು?

ಮ್ಯೂಸಿಯಂನ ಸಂಗ್ರಹದಲ್ಲಿ 20,000ಕ್ಕೂ ಹೆಚ್ಚು ವಸ್ತುಗಳಿವೆ. ಎಲ್ಲವೂ ಒಂದೇ ಸಲ ಹೊರಗಿರುವುದಿಲ್ಲ. ಆದ್ದರಿಂದ ಏನು ಸಿಗುತ್ತದೆ ಅನ್ನುವುದು ನೀವು ಹೋದ ದಿನದ ಮೇಲೆ. ಕೈಕೆಲಸದ ಯಾವುದೇ ಪ್ರದರ್ಶನದಲ್ಲಿ ಮೂರನ್ನು ಹುಡುಕಿ.

ಮೊದಲನೆಯದು ವಿಷಾರಿಕಾ ಜನರ ನೂಲಿನ ಚಿತ್ರಗಳು. ಹೊರಗಿನವರು ಇವರನ್ನು ವಿಚೋಲ್ ಅನ್ನುತ್ತಾರೆ. ಹಲಗೆಗೆ ಜೇನುಮೇಣ ಸವರಿ, ಬಣ್ಣದ ನೂಲನ್ನು ಎಳೆ ಎಳೆಯಾಗಿ ಒತ್ತಿ ಕೂರಿಸುತ್ತಾರೆ. ಒಂದಿಂಚೂ ಖಾಲಿ ಬಿಡುವುದಿಲ್ಲ. ಎರಡನೆಯದು ಜೀವವೃಕ್ಷ. ಮೆತೆಪೆಕ್ ಊರಿನ ಕುಂಬಾರರು ಮಣ್ಣಿನಲ್ಲಿ ಮಾಡುವ ಮರ, ಕೊಂಬೆ ತುಂಬ ಆದಾಮ, ಹವ್ವ, ಹಕ್ಕಿ, ಹೂವು.

ಮೂರನೆಯದಕ್ಕೆ ನಾನು ಸೋತಿದ್ದೇನೆ. ಗೆರೆರೊ ರಾಜ್ಯದ ಒಲಿನಲಾ ಊರಿನ ಅರಗಿನ ಪೆಟ್ಟಿಗೆಗಳು. ಚಿಯಾ ಬೀಜದ ಎಣ್ಣೆ, ಮಣ್ಣಿನ ಪುಡಿ, ಬಣ್ಣ ಸೇರಿಸಿ ಪದರ ಪದರವಾಗಿ ಬಳಿದು ಉಜ್ಜುತ್ತಾರೆ. ಚನ್ನಪಟ್ಟಣದ ಹೊಳಪಿನ ಹಾಗೆ ಕಂಡರೂ ಕೆಲಸ ಬೇರೆ. ನಮ್ಮಲ್ಲಿ ಮರ ಚರಕಿಯಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿ, ಬಿಸಿಗೆ ಕರಗಿಸಿ ಬಣ್ಣ ಹಿಡಿಸುತ್ತಾರೆ. ಒಲಿನಲಾದ ಹಳೆಯ ಪೆಟ್ಟಿಗೆ ತೆರೆದರೆ ಒಳಗಿಂದ ಪರಿಮಳ ಬರುತ್ತದೆ. ಅದು ಲಿನಾಲೋ ಮರದ್ದು. ಇಲ್ಲೊಂದು ಬೆಂಗಳೂರಿನ ನಂಟಿದೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ ಮತ್ತು ನಟಿ ದೇವಿಕಾ ರಾಣಿ ಬೆಳೆಸಿದ್ದು ಇದೇ ಕುಟುಂಬದ ಮೆಕ್ಸಿಕೋ ಮೂಲದ ಮರವನ್ನು, ಸುಗಂಧ ಎಣ್ಣೆಗಾಗಿ.

## ಸ್ವಲ್ಪ ಆಳಕ್ಕೆ

ಮ್ಯೂಸಿಯಂನಲ್ಲಿ ಇಟ್ಟ ಎಡೆ ನಿಜವಾದ ಎಡೆನಾ, ಸುಮ್ನೆ ಶೋನಾ?

ನನ್ನ ಅಮ್ಮ ಇಲ್ಲಿಗೆ ಬಂದಾಗ ಕೇಳಿದ ಪ್ರಶ್ನೆ ಇದು. ಮನೆಯ ಎಡೆ ಒಂದು ದಿನದ್ದು. ಇಲ್ಲಿಯದು ಎರಡು ತಿಂಗಳ ಮೇಲೆ ಇರುತ್ತದೆ. ಯಾರು ಬೇಕಾದರೂ ನೋಡುತ್ತಾರೆ. ಹಾಗಾದರೆ ಅದು ಎಡೆ ಹೇಗಾಗುತ್ತದೆ?

ಇದಕ್ಕೊಂದು ಹಿನ್ನೆಲೆ ಇದೆ. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಚಿಕಾನೊ ಕಲಾವಿದರು, ಅಂದರೆ ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದವರು, ಒಫ್ರೆಂದಾವನ್ನು ಮನೆಯಿಂದ ಗ್ಯಾಲರಿಗೆ ತಂದರು. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಆ ಆಚರಣೆ ಬಿಟ್ಟೇ ಹೋಗಿತ್ತು. ಸಾರ್ವಜನಿಕವಾಗಿ ಮಾಡುತ್ತಲೇ ಅವರು ಅದನ್ನು ಮತ್ತೆ ಕಲಿತರು. ಅಲ್ಲಿಂದ ಮುಂದೆ ಒಫ್ರೆಂದಾ ಒಂದು ಕುಟುಂಬದ ಸಾವಿಗಷ್ಟೇ ಅಲ್ಲದೆ ಎಲ್ಲರ ಸಾವಿಗೂ ದನಿಯಾಯಿತು. ಗಡಿ ದಾಟುವಾಗ ಮರುಭೂಮಿಯಲ್ಲಿ ಸತ್ತವರಿಗೆ, ಏಡ್ಸ್‌ನಲ್ಲಿ ಹೋದವರಿಗೆ, ಗುಂಡಿಗೆ ಬಲಿಯಾದ ಹುಡುಗರಿಗೆ ಕಲಾವಿದರು ಎಡೆ ಕಟ್ಟಿದರು. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಈ ಮ್ಯೂಸಿಯಂನಲ್ಲೂ ಕಟ್ಟಿದರು. ಆಗ ಎಷ್ಟೋ ಮನೆಗಳವರಿಗೆ ಆಸ್ಪತ್ರೆಯಲ್ಲಿ ಮುಖ ನೋಡಲೂ ಆಗಿರಲಿಲ್ಲ.

ಇವುಗಳಲ್ಲಿ ಕೆಲವನ್ನು ಕಲಾವಿದರು ಮಾಡುತ್ತಾರೆ, ಕೆಲವನ್ನು ಮನೆಯವರೇ ಬಂದು ಮಾಡುತ್ತಾರೆ. ಒಬ್ಬ ಹೆಂಗಸು ತನ್ನ ಗಂಡನ ಫೋಟೋ ಸ್ವಲ್ಪ ವಾಲಿದ್ದನ್ನು ನೋಡಿ ಸರಿ ಮಾಡಲು ಕಾವಲಿನವರ ಅನುಮತಿ ಕೇಳಿದ್ದನ್ನು ಕಂಡಿದ್ದೇನೆ. ಅಮ್ಮನಿಗೆ ಅದನ್ನೇ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಚಪ್ಪಲಿ ಬಿಟ್ಟು ಬರಬೇಕಿತ್ತು’ ಅಂದರು.

ಪಿಲ್ಸೆನ್ ಅಂದ್ರೆ ಚೆಕ್ ಹೆಸರು. ಅಲ್ಲಿಗೆ ಮೆಕ್ಸಿಕನ್ನರು ಹೇಗೆ ಬಂದ್ರು?

19ನೇ ಶತಮಾನದಲ್ಲಿ ಬೊಹೀಮಿಯಾದಿಂದ ಬಂದ ಚೆಕ್ ಜನ ತಮ್ಮ ಊರಿನ ಹೆಸರಿಟ್ಟರು. 1892ರ ಥಾಲಿಯಾ ಹಾಲ್ ಅನ್ನುವ ರಂಗಮಂದಿರ ಅವರದೇ ಕಾಲದ್ದು. ಮೆಕ್ಸಿಕನ್ನರು ಮೊದಲು ಅಲ್ಲಿಗೆ ಉತ್ತರದಲ್ಲಿ, ನಿಯರ್ ವೆಸ್ಟ್ ಸೈಡ್‌ನಲ್ಲಿ ಇದ್ದರು. 1960ರ ದಶಕದಲ್ಲಿ ಅಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್ ಕಟ್ಟಲು ಮನೆಗಳನ್ನು ಕೆಡವಿದರು. ಒಕ್ಕಲೆದ್ದವರಲ್ಲಿ ಬಹಳ ಜನ ಪಿಲ್ಸೆನ್‌ಗೆ ಬಂದರು.

ಈಗ ಇಲ್ಲಿಂದಲೂ ಹೋಗುತ್ತಿದ್ದಾರೆ. ಬಾಡಿಗೆ, ಮನೆ ತೆರಿಗೆ ಏರಿ, 2000ದ ನಂತರದ ಒಂದೂವರೆ ದಶಕದಲ್ಲಿ 10,000ಕ್ಕೂ ಹೆಚ್ಚು ಲ್ಯಾಟಿನೋ ನಿವಾಸಿಗಳು ಪಿಲ್ಸೆನ್ ಬಿಟ್ಟರು. ‘ಮ್ಯೂಸಿಯಂ, ಗೋಡೆ ಚಿತ್ರ ಅಂತ ನಮ್ಮಂಥವರು ನೋಡಲು ಬಂದಿದ್ದರಿಂದಲೇ ಬಾಡಿಗೆ ಏರಿತಾ’ ಅಂತ ಒಬ್ಬ ಹುಡುಗ ಕೇಳಿದ್ದ. ಪೇಟೆಗೆ ಹತ್ತಿರ, ರೈಲು ಇದೆ, ಹಳೆಯ ಚಂದದ ಕಟ್ಟಡಗಳಿವೆ, ಕಾರಣ ಒಂದಲ್ಲ. ಆದರೆ ಬಡಾವಣೆಯ ಬಣ್ಣವನ್ನು ತೋರಿಸಿ ದುಬಾರಿ ಮನೆ ಮಾರುವವರು ಇದ್ದಾರೆ ಅನ್ನುವುದೂ ನಿಜ. ಹೋದವರು ಊಟವನ್ನು ಅಲ್ಲಿಯ ಹಳೆಯ ಅಂಗಡಿಗಳಲ್ಲೇ ಮಾಡಿ ಅಂತ ನಾನು ಒತ್ತಾಯ ಮಾಡುವುದು ಅದಕ್ಕೇ.

ಗೋಡೆ ಚಿತ್ರಗಳನ್ನು ಎಲ್ಲಿ ನೋಡಬಹುದು?

16ನೇ ಸ್ಟ್ರೀಟ್‌ನ ರೈಲ್ವೆ ಗೋಡೆಯ ಉದ್ದಕ್ಕೂ ನಡೆಯಿರಿ. ಕಲಾವಿದ ಹೆಕ್ಟರ್ ದುಆರ್ತೆ ಕಲರ್ಟನ್ ಸ್ಟ್ರೀಟ್‌ನ ತಮ್ಮ ಮನೆಯ ಗೋಡೆಗಳ ಮೇಲೇ ಬರೆದ ದೊಡ್ಡ ಚಿತ್ರ ಮ್ಯೂಸಿಯಂಗೆ ಹತ್ತಿರದಲ್ಲೇ ಇದೆ. ಗಲಿವರ್‌ನಂಥ ಒಬ್ಬ ವಲಸೆಗಾರ ಮುಳ್ಳುತಂತಿಯಲ್ಲಿ ಸಿಕ್ಕಿ ಬಿದ್ದಿದ್ದಾನೆ. ಮನೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಅವನ ಮೈ ಸುತ್ತಿಕೊಂಡಿದೆ.

ಈ ಸಂಪ್ರದಾಯ 1920ರ ದಶಕದ ಮೆಕ್ಸಿಕೋದ್ದು. ಕ್ರಾಂತಿಯ ನಂತರ ಸರ್ಕಾರವೇ ರಿವೇರಾ, ಒರೊಸ್ಕೊ, ಸಿಕೇರೊಸ್ ಅವರಿಂದ ಸರ್ಕಾರಿ ಕಟ್ಟಡಗಳ ಗೋಡೆಗೆ ಚಿತ್ರ ಬರೆಸಿತು. ಓದಲು ಬಾರದವರೂ ತಮ್ಮ ಚರಿತ್ರೆ ನೋಡಲಿ ಅಂತ. ಗೋಡೆ ಚಿತ್ರ ಶಾಶ್ವತವಲ್ಲ. ಕಾಸಾ ಅಸ್ತ್ಲಾನ್ ಅನ್ನುವ ಸಮುದಾಯ ಕೇಂದ್ರದ ಮೇಲಿದ್ದ, 1970ರ ದಶಕದಿಂದ ಊರಿನ ಗುರುತಾಗಿದ್ದ ಚಿತ್ರವನ್ನು ಕಟ್ಟಡ ಕೈ ಬದಲಾದ ಮೇಲೆ 2017ರಲ್ಲಿ ಬಣ್ಣ ಬಳಿದು ಅಳಿಸಿದರು. ಜನ ಬೀದಿಗಿಳಿದರು. ಮೊದಲು ಬರೆದಿದ್ದ ರೇ ಪಾತ್ಲಾನ್ ಅವರೇ ಮತ್ತೆ ಬಂದು ಹೊಸ ಚಿತ್ರ ಬರೆದರು. ಅದನ್ನೂ ನೋಡಿ ಬನ್ನಿ.

ಮುಖಕ್ಕೆ ತಲೆಬುರುಡೆ ಬಣ್ಣ ಹಾಕಿಸ್ಕೊಂಡ್ರೆ ತಪ್ಪಾ?

ಹಬ್ಬಕ್ಕೆ ಹೋದಾಗ ಅಲ್ಲಿಯವರೇ ಕೂತು ಬಣ್ಣ ಹಾಕುತ್ತಿದ್ದರೆ ಹಾಕಿಸಿಕೊಳ್ಳಿ, ಅದು ಆತಿಥ್ಯ. ಆಫೀಸಿನ ಹ್ಯಾಲೋವೀನ್ ಪಾರ್ಟಿಗೆ ವೇಷ ಅಂತ ಹಾಕಿಕೊಳ್ಳಬೇಡಿ. ನಮ್ಮ ಎಡೆಯ ಮುಂದೆ ಬಂದು ಉಂಡರೆ ಖುಷಿ, ಎಡೆಯನ್ನೇ ವೇಷ ಮಾಡಿದರೆ ನೋವಾಗಲ್ವಾ? ಮ್ಯೂಸಿಯಂ ಒಳಗೆ ಒಫ್ರೆಂದಾ ಎದುರು ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವುದನ್ನೂ ನಾನು ಬಿಟ್ಟಿದ್ದೇನೆ.

ಮೆಕ್ಸಿಕನ್ ಅಂದ್ರೆ ಸ್ಪೇನಿನವರು ಮತ್ತು ಅಲ್ಲಿಯ ಮೂಲ ಜನರ ಮಿಶ್ರಣ, ಅಷ್ಟೇ ತಾನೇ?

ಬಹಳ ಕಾಲ ಮೆಕ್ಸಿಕೋದ ಶಾಲೆಗಳಲ್ಲೂ ಹಾಗೇ ಹೇಳುತ್ತಿದ್ದರು. 2006ರಲ್ಲಿ ಈ ಮ್ಯೂಸಿಯಂ ಮೆಕ್ಸಿಕೋದಲ್ಲಿರುವ ಆಫ್ರಿಕನ್ ಮೂಲದವರ ಬಗ್ಗೆ ದೊಡ್ಡ ಪ್ರದರ್ಶನ ಮಾಡಿತು. ಅದಕ್ಕೆ ಯಾಂಗಾ ಹೆಸರನ್ನು ಸೇರಿಸಿದ್ದರು. ಯಾಂಗಾ ವೆರಾಕ್ರೂಸ್ ಕಡೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡವರ ನಾಯಕ. ಬೆಟ್ಟದಲ್ಲಿ ಸೇರಿ, ಸ್ಪೇನಿನ ಸೈನ್ಯವನ್ನು ಎದುರಿಸಿ, 17ನೇ ಶತಮಾನದ ಆರಂಭದಲ್ಲಿ ತಮ್ಮದೇ ಸ್ವತಂತ್ರ ಊರು ಪಡೆದರು. ಆ ಊರಿಗೆ ಈಗ ಅವನದೇ ಹೆಸರು. ಇದನ್ನು ಹೇಳುವಾಗಲೆಲ್ಲ ನನಗೆ ಯಲ್ಲಾಪುರ, ಹಳಿಯಾಳದ ನಮ್ಮ ಸಿದ್ದಿಗಳ ನೆನಪು ಬರುತ್ತದೆ. ಕನ್ನಡ ಮಾತಾಡುವ ಅವರನ್ನು ‘ಯಾವ ದೇಶದವರು’ ಅಂತ ಇವತ್ತಿಗೂ ಕೇಳುವವರಿದ್ದಾರೆ.

ಬರೀ ಮೆಕ್ಸಿಕೋ ಯಾಕೆ? ಬೇರೆಯವರ ಕಲೆ ಎಲ್ಲಿದೆ?

ಚಿಕಾಗೋದಲ್ಲೇ ಹಂಬೋಲ್ಟ್ ಪಾರ್ಕಿಗೆ ಹೋಗಿ. ಹಳೆಯ ಕುದುರೆ ಲಾಯದ ಚಂದದ ಕಟ್ಟಡದಲ್ಲಿ ಪೋರ್ಟೊರಿಕೊದವರ ಕಲಾ ಮ್ಯೂಸಿಯಂ ಇದೆ. ಹತ್ತಿರದ ಡಿವಿಷನ್ ಸ್ಟ್ರೀಟ್‌ನಲ್ಲಿ 1995ರಲ್ಲಿ ನಿಲ್ಲಿಸಿದ 59 ಅಡಿ ಎತ್ತರದ ಎರಡು ಉಕ್ಕಿನ ಬಾವುಟಗಳಿವೆ. ಪೋರ್ಟೊರಿಕೊದ ಬೆಹಿಗಾಂತೆ ಮುಖವಾಡಗಳು ಎಲ್ಲಾದರೂ ಕಂಡರೆ ಬಿಡಬೇಡಿ. ಪೊನ್ಸೆ ಊರಿನವರು ಕಾಗದದ ಮುದ್ದೆಯಿಂದ ಮಾಡುತ್ತಾರೆ, ಲೊಯಿಸಾ ಊರಿನವರು ತೆಂಗಿನಕಾಯಿಯ ಸಿಪ್ಪೆಯಿಂದ. ತೆಂಗಿನ ನಾಡಿನಿಂದ ಬಂದ ನಮ್ಮವರು ಅದನ್ನು ನೋಡಿ ‘ಛೆ, ನಾವು ಸಿಪ್ಪೆಯನ್ನು ನೀರೊಲೆಗೆ ಹಾಕ್ತಿದ್ವಲ್ಲ’ ಅನ್ನುತ್ತಾರೆ.

ನಾವು ಕನ್ನಡದವರೂ ಇಂಥದ್ದೊಂದು ಪ್ರದರ್ಶನ ಮಾಡಬಹುದಾ? ದುಡ್ಡು ಎಲ್ಲಿಂದ?

1982ರಲ್ಲಿ ಈ ಸಂಸ್ಥೆ ಶುರು ಮಾಡಿದವರು ಕಾರ್ಲೋಸ್ ತೊರ್ತೊಲೇರೊ ಮತ್ತು ಅವರ ಜೊತೆಯ ಶಾಲಾ ಶಿಕ್ಷಕರು. ಕೈಯಲ್ಲಿದ್ದದ್ದು 900 ಡಾಲರ್. ಕಟ್ಟಡ ಸಿಗಲು ಐದು ವರ್ಷ ಬೇಕಾಯಿತು. 2001ರಲ್ಲಿ ಅದು 48,000 ಚದರ ಅಡಿಗೆ ಬೆಳೆಯಿತು. ತೊರ್ತೊಲೇರೊ ನಾಲ್ಕು ದಶಕ ಅದನ್ನು ನಡೆಸಿ 2023ರ ಕೊನೆಗೆ ನಿವೃತ್ತರಾದರು. ಆದ್ದರಿಂದ ದುಡ್ಡಿನ ಪ್ರಶ್ನೆ ಆಮೇಲೆ.

ಅವರಿಂದ ಕಲಿಯಬೇಕಾದ ಮೊದಲ ವಿಷಯ ಉಚಿತ ಪ್ರವೇಶ. ಎರಡು ಕೆಲಸ ಮಾಡುವ ತಾಯಿ ನಾಲ್ಕು ಮಕ್ಕಳನ್ನು ಕರೆದುಕೊಂಡು ಯೋಚನೆ ಮಾಡದೆ ಒಳಗೆ ಬರಬೇಕು. ಎರಡನೆಯದು ಭಾಷೆ. ಇಲ್ಲಿ ವಿವರಣೆಗಳು ಸ್ಪ್ಯಾನಿಷ್‌ನಲ್ಲೂ ಇಂಗ್ಲಿಷ್‌ನಲ್ಲೂ ಇರುತ್ತವೆ. ಇಂಗ್ಲಿಷ್ ಬಾರದ ಅಜ್ಜಿ ಓದಿ, ಸ್ಪ್ಯಾನಿಷ್ ಬಾರದ ಮೊಮ್ಮಗನಿಗೆ ಹೇಳುವುದನ್ನು ಎಷ್ಟು ಸಲ ನೋಡಿದ್ದೇನೋ.

ನಮ್ಮ ಮನೆಗಳಲ್ಲೂ ಸಾಮಾನಿಗೆ ಬರವಿಲ್ಲ. ಇಳಕಲ್ ಸೀರೆ, ಕಸೂತಿ ಕುಲಾವಿ, ಹಿತ್ತಾಳೆ ಕಾಫಿ ಫಿಲ್ಟರ್, ಚೌಕಾಬಾರದ ಕವಡೆ ಇದ್ದೇ ಇವೆ. ಪ್ರದರ್ಶನಕ್ಕೆ ಕೊಡುವಾಗ ‘ಕರ್ನಾಟಕದ ಕಾಫಿ ಫಿಲ್ಟರ್’ ಅಂತ ಮಾತ್ರ ಚೀಟಿ ಅಂಟಿಸಬೇಡಿ. ಯಾರದು, ಯಾವ ಊರಿನದು, ದಿನಕ್ಕೆ ಎಷ್ಟು ಸಲ ಕಾಫಿ ಇಳಿಸುತ್ತಿದ್ದರು, ಅಮೆರಿಕಕ್ಕೆ ಯಾರ ಸೂಟ್‌ಕೇಸಿನಲ್ಲಿ ಬಂತು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಡಿ. ನಮ್ಮ ಅಜ್ಜಿಯದ್ದನ್ನು ನಾನು ಬರೆದಿಟ್ಟಿದ್ದೇನೆ.